ಹೈಲೈಟರ್ ಹಚ್ಚಿದ್ದೆಲ್ಲ ನೆನಪಿರುತ್ತದೆಯೇ? ನರ್ಸಿಂಗ್ ಪರೀಕ್ಷೆಯ ಓದು: ಫಾರ್ವರ್ಡ್‌ಗಳು ಹೇಳುವುದೇನು, ಸಂಶೋಧನೆ ಹೇಳುವುದೇನು?

ಪರೀಕ್ಷೆಯ ಟೈಮ್‌ಟೇಬಲ್ ಬಂದ ದಿನವೇ ನರ್ಸಿಂಗ್ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಸಲಹೆಗಳ ಸುರಿಮಳೆ ಶುರುವಾಗುತ್ತದೆ. "ಬೆಳಗಿನ ಜಾವ 4 ಗಂಟೆಗೆ ಓದಿದರೆ ಮರೆಯುವುದೇ ಇಲ್ಲ", "ಓದಿದ್ದರಲ್ಲಿ 10% ಮಾತ್ರ ನೆನಪಿರುತ್ತದೆ, ನೋಡಿ ಕೇಳಿದ್ದರಲ್ಲಿ 50%", "ಈ 20 ಪ್ರಶ್ನೆ ಸಾಕು, ಪಾಸ್ ಗ್ಯಾರಂಟಿ", "ಪರೀಕ್ಷೆಗೆ ಒಂದು ವಾರ ಮುಂಚೆ ಈ ಮಾತ್ರೆ ತಗೊಳ್ಳಿ" ಎಂಬಂಥ ಸಂದೇಶಗಳು ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತವೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಪರೀಕ್ಷೆಗೆ ಹದಿನೈದು ದಿನ ಉಳಿದಿರುವಾಗ ತಪ್ಪು ವಿಧಾನ ನಂಬಿ ಕೂತರೆ ಹೋಗುವುದು ಸಮಯ, ಫೀಸು, ಕೆಲವೊಮ್ಮೆ ಪೂರ್ತಿ ಒಂದು ಸೆಮಿಸ್ಟರ್.

ಓದುವ ವಿಧಾನಗಳ ಬಗ್ಗೆ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಪ್ರಯೋಗಗಳು ನಡೆದಿವೆ. ಯಾವುದು ಕೆಲಸ ಮಾಡುತ್ತದೆ, ಯಾವುದು ಮಾಡಿದ ಹಾಗೆ ಕಾಣುತ್ತದೆ ಎಂಬುದು ಈಗ ಸಾಕಷ್ಟು ಸ್ಪಷ್ಟವಾಗಿದೆ. ಅದನ್ನು ನರ್ಸಿಂಗ್ ಓದಿಗೆ ಹೊಂದಿಸಿ ಇಲ್ಲಿ ವಿವರಿಸಿದ್ದೇವೆ.

ಚಿಕ್ಕದಾಗಿ ಹೇಳುವುದಾದರೆ

• ಮತ್ತೆ ಮತ್ತೆ ಓದುವುದು, ಸಾಲುಗಳಿಗೆ ಬಣ್ಣ ಹಚ್ಚುವುದು: ಓದಿದ ತೃಪ್ತಿ ಸಿಗುತ್ತದೆ, ನೆನಪು ಅಷ್ಟಾಗಿ ಉಳಿಯುವುದಿಲ್ಲ.
• ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುವುದು ಅಥವಾ ಹೇಳುವುದು: ಹೆಚ್ಚು ಕಾಲ ಉಳಿಯುತ್ತದೆ.
• ಒಂದೇ ದಿನ 5 ಗಂಟೆ ಕೂರುವುದಕ್ಕಿಂತ 5 ದಿನ ಒಂದೊಂದು ಗಂಟೆ ಕೂರುವುದು ಮೇಲು.
• ನಿದ್ದೆ ಬಿಟ್ಟು ಓದುವುದು ನಷ್ಟದ ವ್ಯಾಪಾರ.
• 10%–50% ಪಟ್ಟಿ, "ನೀವು ನೋಡಿ ಕಲಿಯುವವರೋ ಕೇಳಿ ಕಲಿಯುವವರೋ" ಎಂಬ ಸಿದ್ಧಾಂತ: ಎರಡಕ್ಕೂ ಆಧಾರ ಸಿಕ್ಕಿಲ್ಲ.

ನರ್ಸಿಂಗ್ ಪರೀಕ್ಷೆ ಯಾಕೆ ಸ್ವಲ್ಪ ಬೇರೆ?

ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇಲ್ಲಿನ ಬಿ.ಎಸ್ಸಿ. ನರ್ಸಿಂಗ್ ಕಾಲೇಜುಗಳಲ್ಲಿ ಬಹುಪಾಲು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಮುಖ್ಯ ವಿಷಯಗಳಲ್ಲಿ ಥಿಯರಿಗೆ 50%, ಪ್ರಾಕ್ಟಿಕಲ್ ಇದ್ದರೆ ಅದಕ್ಕೂ ಬೇರೆಯಾಗಿ 50% ಬೇಕು. ಒಂದರಲ್ಲಿ ಹೆಚ್ಚು ಬಂದರೆ ಇನ್ನೊಂದಕ್ಕೆ ಸರಿದೂಗಿಸಲು ಆಗುವುದಿಲ್ಲ.

ಇದರ ಜೊತೆಗೆ ವಾರ್ಡ್ ಪೋಸ್ಟಿಂಗ್ ಇದೆ. ಬೆಳಗ್ಗೆ ಎದ್ದು ಯೂನಿಫಾರ್ಮ್ ಹಾಕಿ ಆಸ್ಪತ್ರೆಗೆ ಹೋಗಿ, ಗಂಟೆಗಟ್ಟಲೆ ನಿಂತು, ಹಾಸ್ಟೆಲ್‌ಗೆ ಬಂದ ಮೇಲೆ ಕೇಸ್ ಸ್ಟಡಿ, ಕೇರ್ ಪ್ಲಾನ್ ಬರೆಯಬೇಕು. ಇಂಥವರಿಗೆ "ದಿನಕ್ಕೆ 10 ಗಂಟೆ ಓದಿ" ಎನ್ನುವ ಟಾಪರ್ ಸಲಹೆ ಯಾವ ಉಪಯೋಗಕ್ಕೂ ಬಾರದು. ಸಿಗುವ ಒಂದೆರಡು ಗಂಟೆಯಲ್ಲಿ ಹೇಗೆ ಓದಬೇಕು ಎಂಬುದೇ ಅಸಲು ಪ್ರಶ್ನೆ.

ಇನ್ನೊಂದು ತೊಡಕು ಭಾಷೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಯರು ಈ ಕೋರ್ಸಿನಲ್ಲಿ ಬಹಳ ಮಂದಿ. ಅರ್ಥವಾಗದ ಇಂಗ್ಲಿಷ್ ಪ್ಯಾರಾಗಳನ್ನು ಬಾಯಿಪಾಠ ಮಾಡುವುದೇ ಓದು ಎಂದು ಅವರು ಅಂದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಇತಿಹಾಸದ ಇಸವಿ ಮರೆತರೆ ಒಂದು ಅಂಕ ಹೋಗುತ್ತದೆ, ಅಷ್ಟೆ. ಇನ್ಸುಲಿನ್ ಲೆಕ್ಕ ಮರೆತರೆ ಎದುರಿಗಿರುವವರ ಪ್ರಾಣಕ್ಕೆ ಅಪಾಯ. ನರ್ಸಿಂಗ್‌ನಲ್ಲಿ ಪರೀಕ್ಷೆ ಮುಗಿದ ಮೇಲೂ ನೆನಪಿರಬೇಕಾದ ವಿಷಯವೇ ಹೆಚ್ಚು.

ಫಾರ್ವರ್ಡ್ 1: "ಓದಿದ್ದರಲ್ಲಿ 10%, ಕೇಳಿದ್ದರಲ್ಲಿ 20%, ನೋಡಿದ್ದರಲ್ಲಿ 30%…"

ಇದು ತಪ್ಪು. ಈ ಪಟ್ಟಿಯನ್ನು ಸಾಮಾನ್ಯವಾಗಿ ಪಿರಮಿಡ್ ಚಿತ್ರದ ಜೊತೆ ಹಂಚುತ್ತಾರೆ, ಅಮೆರಿಕದ ಶಿಕ್ಷಣ ತಜ್ಞ ಎಡ್ಗರ್ ಡೇಲ್ ಅವರ ಹೆಸರನ್ನೂ ಅಂಟಿಸುತ್ತಾರೆ. ಡೇಲ್ ಅವರು 1946ರಲ್ಲಿ ಕಲಿಕೆಯ ಅನುಭವಗಳನ್ನು ಶಂಕುವಿನ ಆಕಾರದಲ್ಲಿ ಜೋಡಿಸಿ ತೋರಿಸಿದ್ದು ನಿಜ. ಆದರೆ ಅವರ ಚಿತ್ರದಲ್ಲಿ ಒಂದೇ ಒಂದು ಶೇಕಡಾವಾರು ಅಂಕಿ ಇರಲಿಲ್ಲ. ಅಂಕಿಗಳನ್ನು ಬೇರೆಯವರು ಸೇರಿಸಿದ್ದು.

ಸ್ವಲ್ಪ ಯೋಚಿಸಿದರೂ ಅನುಮಾನ ಬರಬೇಕು. ಮನುಷ್ಯನ ನೆನಪು ಎಲ್ಲ ವಿಷಯಕ್ಕೂ, ಎಲ್ಲರಿಗೂ ಸರಿಯಾಗಿ 10, 20, 30 ಎಂದು ಸಾಲಾಗಿ ಬಂದು ನಿಲ್ಲುತ್ತದೆಯೇ? ಎಷ್ಟು ನೆನಪಿರುತ್ತದೆ ಎಂಬುದು ವಿಷಯ ಯಾವುದು, ನಿಮಗೆ ಮೊದಲೇ ಎಷ್ಟು ಗೊತ್ತಿತ್ತು, ಎಷ್ಟು ದಿನದ ನಂತರ ಕೇಳಿದರು ಎಂಬುದರ ಮೇಲೆ ನಿಂತಿದೆ. ಈ ಪಟ್ಟಿ ನಂಬಿ ಪಠ್ಯಪುಸ್ತಕ ಬಿಟ್ಟು ಬರೀ ಯೂಟ್ಯೂಬ್ ವಿಡಿಯೋ ನೋಡುತ್ತಾ ಕೂತವರಿಗೆ ಪರೀಕ್ಷಾ ಕೊಠಡಿಯಲ್ಲಿ ಕಷ್ಟವಾಗುತ್ತದೆ. ವಿಡಿಯೋ ಕೆಟ್ಟದ್ದಲ್ಲ. ಹೃದಯದಲ್ಲಿ ರಕ್ತ ಹರಿಯುವ ದಾರಿ ವಿಡಿಯೋದಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ನೋಡಿದ ಮೇಲೆ ಅದನ್ನು ಖಾಲಿ ಹಾಳೆಯಲ್ಲಿ ನೀವೇ ಬರೆದು ನೋಡದಿದ್ದರೆ ಅದು ಅರ್ಧ ಓದು ಮಾತ್ರ.

ಮತ್ತೆ ಮತ್ತೆ ಓದಿದರೆ ಸಾಲದೇ?

ಸಾಲದು. ಇದನ್ನು ತೋರಿಸಿದ ಪ್ರಸಿದ್ಧ ಪ್ರಯೋಗ 2006ರದ್ದು. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಓದಲು ಕೊಟ್ಟರು. ಕೆಲವರು ಅದನ್ನೇ ಮತ್ತೊಮ್ಮೆ ಓದಿದರು. ಉಳಿದವರು ಪಾಠ ನೋಡದೆ, ನೆನಪಿದ್ದಷ್ಟನ್ನು ಬರೆದರು.

5 ನಿಮಿಷದ ನಂತರ ಪರೀಕ್ಷೆ ಮಾಡಿದಾಗ ಮತ್ತೆ ಓದಿದವರೇ ಮುಂದಿದ್ದರು: 81% ಮತ್ತು 75%. ಒಂದು ವಾರದ ನಂತರ ಫಲಿತಾಂಶ ತಿರುಗಿಬಿತ್ತು. ಮತ್ತೆ ಓದಿದವರಿಗೆ 42% ನೆನಪಿತ್ತು, ನೆನಪಿನಿಂದ ಬರೆದವರಿಗೆ 56%.

ಮತ್ತೆ ಓದುವುದು ಯಾಕೆ ಮೋಸ ಮಾಡುತ್ತದೆ ಎಂಬುದು ಈ ಅಂಕಿಗಳಲ್ಲೇ ಇದೆ. ಎರಡನೇ ಸಲ ಓದುವಾಗ ಸಾಲುಗಳು ಪರಿಚಿತವಾಗಿ ಕಾಣುತ್ತವೆ. "ಇದು ನನಗೆ ಬರುತ್ತೆ" ಅನ್ನಿಸುತ್ತದೆ. ಆದರೆ ನೋಡಿದಾಗ ಗುರುತು ಹಿಡಿಯುವುದು ಬೇರೆ, ನೋಡದೆ ಹೇಳುವುದು ಬೇರೆ. ದಿನಾ ಬಸ್ಸಿನಲ್ಲಿ ಕಾಣುವ ಮುಖವನ್ನು ಥಟ್ಟನೆ ಗುರುತಿಸುತ್ತೇವೆ, ಹೆಸರು ಕೇಳಿದರೆ ತಡವರಿಸುತ್ತೇವೆ. ಪರೀಕ್ಷೆಯಲ್ಲಿ ಕೇಳುವುದು ಹೆಸರನ್ನು.

2013ರಲ್ಲಿ ಜಾನ್ ಡನ್ಲೋಸ್ಕಿ ಮತ್ತು ಸಂಗಡಿಗರು 10 ಜನಪ್ರಿಯ ಓದುವ ವಿಧಾನಗಳ ಮೇಲಿನ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದರು. ಹೆಚ್ಚು ಉಪಯುಕ್ತ ಎಂದು ಅವರು ಗುರುತಿಸಿದ್ದು ಎರಡನ್ನು ಮಾತ್ರ: ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಬಿಡುವು ಕೊಟ್ಟು ಓದುವುದು. ಮತ್ತೆ ಮತ್ತೆ ಓದುವುದು, ಹೈಲೈಟರ್ ಹಚ್ಚುವುದು ಎರಡೂ ಕಡಿಮೆ ಉಪಯೋಗದ ಸಾಲಿಗೆ ಸೇರಿದವು.

*ಮಾಡುವುದು ಹೇಗೆ?* ಡಿಗಾಕ್ಸಿನ್ ಎಂಬ ಹೃದಯದ ಔಷಧದ ಬಗ್ಗೆ ಒಂದು ಪುಟ ಓದಿದ್ದೀರಿ ಅಂದುಕೊಳ್ಳಿ. ಪುಸ್ತಕ ಮುಚ್ಚಿ. ಖಾಲಿ ಹಾಳೆ ತೆಗೆದುಕೊಂಡು ನಿಮ್ಮನ್ನೇ ಕೇಳಿಕೊಳ್ಳಿ: ಕೊಡುವ ಮುಂಚೆ ಏನು ನೋಡಬೇಕು? ಯಾವಾಗ ಕೊಡಬಾರದು? ಔಷಧ ಹೆಚ್ಚಾದರೆ ಲಕ್ಷಣ ಏನು? ಬರೆದು ಮುಗಿಸಿದ ಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿ. ಆ ಬೇರೆ ಬಣ್ಣದ ಸಾಲುಗಳೇ ನಾಳೆಯ ಪಾಠ.

ಇಲ್ಲಿ "ಯಾಕೆ" ಎಂಬ ಪ್ರಶ್ನೆಯನ್ನೂ ಸೇರಿಸಿಕೊಳ್ಳಿ. ಡಿಗಾಕ್ಸಿನ್ ಕೊಡುವ ಮುಂಚೆ ಒಂದು ನಿಮಿಷ ಪೂರ್ತಿ ಏಪಿಕಲ್ ಪಲ್ಸ್ ಎಣಿಸಬೇಕು, ವಯಸ್ಕರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ಕೊಡದೆ ವೈದ್ಯರಿಗೆ ತಿಳಿಸಬೇಕು ಎಂದು ಪುಸ್ತಕದಲ್ಲಿರುತ್ತದೆ. ಯಾಕೆ? ಆ ಔಷಧ ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ. ಈಗಾಗಲೇ ನಿಧಾನವಾಗಿರುವ ಹೃದಯವನ್ನು ಇನ್ನಷ್ಟು ನಿಧಾನ ಮಾಡುವುದು ಅಪಾಯ. ಕಾರಣ ಗೊತ್ತಾದ ಮೇಲೆ ಆ ಅಂಕಿಯನ್ನು ಬಾಯಿಪಾಠ ಮಾಡುವ ಶ್ರಮವೂ ಕಡಿಮೆಯಾಗುತ್ತದೆ.

ಪ್ರಾಕ್ಟಿಕಲ್ ಪರೀಕ್ಷೆಗೂ ಇದೇ ಸೂತ್ರ. ಪ್ರೊಸೀಜರ್ ಪುಸ್ತಕವನ್ನು ಹತ್ತು ಸಲ ಓದುವ ಬದಲು, ರೂಮ್‌ಮೇಟ್ ಎದುರು ನಿಂತು ಪ್ರತಿ ಹಂತವನ್ನೂ ಜೋರಾಗಿ ಹೇಳುತ್ತಾ ಮಾಡಿ ತೋರಿಸಿ. ಉದಾಹರಣೆಗೆ, ಕೈ ಸ್ವಚ್ಛ ಮಾಡಿಕೊಳ್ಳಬೇಕಾದ 5 ಸಂದರ್ಭಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಹೀಗೆ ಪಟ್ಟಿ ಮಾಡಿದೆ: ರೋಗಿಯನ್ನು ಮುಟ್ಟುವ ಮುಂಚೆ, ಶುದ್ಧ ಅಥವಾ ಸೋಂಕುರಹಿತ ಪ್ರಕ್ರಿಯೆಗೆ ಮುಂಚೆ, ದೇಹದ ದ್ರವ ತಗುಲುವ ಸಾಧ್ಯತೆ ಇದ್ದ ನಂತರ, ರೋಗಿಯನ್ನು ಮುಟ್ಟಿದ ನಂತರ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ. ಒಮ್ಮೆ ಗಮನವಿಟ್ಟು ಓದಿಕೊಳ್ಳಿ. ಲೇಖನದ ಕೊನೆಯ ಭಾಗದಲ್ಲಿ ಇದನ್ನು ಕೇಳುತ್ತೇವೆ.

ಬಿಡುವು ಕೊಟ್ಟು ಓದುವುದು: ಮರೆಯುವುದಕ್ಕೂ ಒಂದು ಉಪಯೋಗವಿದೆ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೇವೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತ ಮೊದಲ ಕೆಲವು ಗಂಟೆಗಳಲ್ಲಿ ಮರೆವು ಅತಿ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ. ಅಂದರೆ ಕ್ಲಾಸಿನಲ್ಲಿ ಕೇಳಿದ್ದು ಸಂಜೆಗೇ ಮಸುಕಾಗಿದ್ದರೆ ನೀವು ದಡ್ಡರೆಂದಲ್ಲ. ಎಲ್ಲರ ಮೆದುಳೂ ಹಾಗೆಯೇ.

ಸ್ವಲ್ಪ ಮರೆತ ಮೇಲೆ ಕಷ್ಟಪಟ್ಟು ನೆನಪಿಸಿಕೊಂಡಾಗ ಆ ನೆನಪು ಗಟ್ಟಿಯಾಗುತ್ತದೆ. ಹೀಗಾಗಿಯೇ ಬಿಡುವು ಬೇಕು. ಆದರೆ ಇದು ಓದುವಾಗ ಹಿತವಾಗಿರುವುದಿಲ್ಲ. 2009ರಲ್ಲಿ ನೇಟ್ ಕಾರ್ನೆಲ್ ನಡೆಸಿದ ಪ್ರಯೋಗವೊಂದರಲ್ಲಿ ಫ್ಲ್ಯಾಶ್‌ಕಾರ್ಡ್‌ಗಳಿಂದ ಪದಗಳನ್ನು ಕಲಿತವರಲ್ಲಿ 90% ಮಂದಿಗೆ ಬಿಡುವು ಕೊಟ್ಟು ಓದಿದ್ದೇ ಹೆಚ್ಚು ಫಲ ಕೊಟ್ಟಿತ್ತು. ಆದರೂ ಮೊದಲ ಸುತ್ತಿನ ನಂತರ ಕೇಳಿದಾಗ 72% ಮಂದಿ "ಒಟ್ಟಿಗೆ ಓದಿದ್ದೇ ಚೆನ್ನಾಗಿತ್ತು" ಎಂದರು. ಓದಿನ ವಿಷಯದಲ್ಲಿ ನಮ್ಮ ಅನಿಸಿಕೆಯನ್ನೇ ನಂಬುವ ಹಾಗಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಎಷ್ಟು ಬಿಡುವು? ಪರೀಕ್ಷೆ ದೂರವಿದ್ದಷ್ಟೂ ಬಿಡುವು ಹೆಚ್ಚಿರಲಿ. ಒಂದು ವಾರದಲ್ಲಿ ಪರೀಕ್ಷೆ ಇದ್ದರೆ ಒಂದೆರಡು ದಿನದ ಅಂತರ, ಎರಡು ಮೂರು ತಿಂಗಳಿದ್ದರೆ ಎರಡು ಮೂರು ವಾರದ ಅಂತರ, ಅಂದಾಜಿಗೆ ಇಷ್ಟು ಸಾಕು. ಪೋಸ್ಟಿಂಗ್ ಇರುವವರು ಹೀಗೆ ಹೊಂದಿಸಿಕೊಳ್ಳಬಹುದು:

• ಸೋಮವಾರ ಕ್ಲಾಸಿನಲ್ಲಿ ಕೇಳಿದ ಪಾಠ: ಅಂದು ರಾತ್ರಿ 10 ನಿಮಿಷ, ನೋಡದೆ ಖಾಲಿ ಹಾಳೆಯಲ್ಲಿ ಬರೆಯುವುದು.
• ಬುಧವಾರ: ಅದೇ ಪಾಠದ 5 ಪ್ರಶ್ನೆ, ಬಸ್ಸಿನಲ್ಲಿ ಅಥವಾ ಮೆಸ್ ಕ್ಯೂನಲ್ಲಿ, ಮನಸ್ಸಿನಲ್ಲೇ ಉತ್ತರ.
• ಮುಂದಿನ ಸೋಮವಾರ: ಒಂದು ದೀರ್ಘ ಉತ್ತರ ಬರೆಯುವುದು.
• ಮೂರು ವಾರದ ನಂತರ: ಮತ್ತೊಮ್ಮೆ, ತಪ್ಪಿದ್ದನ್ನು ಮಾತ್ರ.

ಕಾರ್ಡ್ ಬಳಸುವವರಿಗೆ ಜರ್ಮನ್ ಭಾಷೆಯ ಲೇಖಕ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಡಬ್ಬಿ ವಿಧಾನ ಸುಲಭ. ಮೂರು ಡಬ್ಬಿ ಇಟ್ಟುಕೊಳ್ಳಿ: ದಿನಾ ನೋಡುವುದು, ಮೂರು ದಿನಕ್ಕೊಮ್ಮೆ ನೋಡುವುದು, ವಾರಕ್ಕೊಮ್ಮೆ ನೋಡುವುದು. ಸರಿ ಉತ್ತರ ಬಂದ ಕಾರ್ಡ್ ಮುಂದಿನ ಡಬ್ಬಿಗೆ, ತಪ್ಪಿದ್ದು ಮೊದಲನೆಯದಕ್ಕೆ ವಾಪಸ್. ಹಳೆಯ ಮದುವೆ ಆಮಂತ್ರಣದ ರಟ್ಟು ಕತ್ತರಿಸಿದರೂ ಕಾರ್ಡ್ ಆಗುತ್ತದೆ, ಆ್ಯಪ್‌ಗೆ ದುಡ್ಡು ಕೊಡಬೇಕಿಲ್ಲ.

ಲೆಕ್ಕಗಳನ್ನು ಬೆರೆಸಿ ಮಾಡಿ

ಡ್ರಗ್ ಕ್ಯಾಲ್ಕುಲೇಷನ್ ಎಂದರೆ ಭಯಪಡುವವರೇ ಹೆಚ್ಚು. ಸಾಮಾನ್ಯವಾಗಿ ಒಂದೇ ಬಗೆಯ 10 ಲೆಕ್ಕ ಸಾಲಾಗಿ ಮಾಡಿ "ಬಂತು" ಎಂದು ಬಿಡುತ್ತೇವೆ. 2007ರಲ್ಲಿ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಗಣಿತದ ಲೆಕ್ಕಗಳ ಮೇಲೆ ಒಂದು ಪ್ರಯೋಗ ಮಾಡಿದರು. ಅಭ್ಯಾಸದ ವೇಳೆ ಒಂದೇ ಬಗೆಯ ಲೆಕ್ಕ ಸಾಲಾಗಿ ಮಾಡಿದವರ ಉತ್ತರ 89% ಸರಿ ಇತ್ತು, ಬೇರೆಬೇರೆ ಬಗೆಯವನ್ನು ಬೆರೆಸಿ ಮಾಡಿದವರದು 60% ಮಾತ್ರ. ವಾರದ ನಂತರದ ಪರೀಕ್ಷೆಯಲ್ಲಿ ಸಾಲಾಗಿ ಮಾಡಿದವರು 20%ಕ್ಕೆ ಇಳಿದರು, ಬೆರೆಸಿ ಮಾಡಿದವರು 63% ತೆಗೆದರು.

ಕಾರಣ ಸರಳ. ಸಾಲಾಗಿ ಮಾಡುವಾಗ ಯಾವ ಸೂತ್ರ ಹಾಕಬೇಕೆಂದು ಯೋಚಿಸುವ ಅಗತ್ಯವೇ ಬರುವುದಿಲ್ಲ. ಪರೀಕ್ಷೆಯಲ್ಲೂ ವಾರ್ಡಿನಲ್ಲೂ ಮೊದಲು ಮಾಡಬೇಕಾದ್ದು ಅದನ್ನೇ. ಹಾಗಾಗಿ ಅಭ್ಯಾಸದ ಹಾಳೆಯಲ್ಲಿ ಒಂದು ಡ್ರಿಪ್ ಲೆಕ್ಕ, ಒಂದು ಮಾತ್ರೆ ಲೆಕ್ಕ, ಒಂದು ಇನ್ಸುಲಿನ್ ಲೆಕ್ಕ ಹೀಗೆ ಬೆರೆಸಿ.

ಡ್ರಿಪ್: 500 ಮಿ.ಲೀ. ಸಲೈನ್ 4 ಗಂಟೆಯಲ್ಲಿ ಹೋಗಬೇಕು, ಸೆಟ್‌ನಲ್ಲಿ ಒಂದು ಮಿ.ಲೀ.ಗೆ 20 ಹನಿ. 500 × 20 ÷ 240 ನಿಮಿಷ, ಅಂದರೆ ನಿಮಿಷಕ್ಕೆ ಸುಮಾರು 42 ಹನಿ. ಅದೇ ಸಲೈನ್ ಮೈಕ್ರೋ ಡ್ರಿಪ್ ಸೆಟ್‌ನಲ್ಲಿ, ಮಿ.ಲೀ.ಗೆ 60 ಹನಿಯಂತೆ, 125 ಹನಿ.

ಇನ್ಸುಲಿನ್: ಭಾರತದಲ್ಲಿ ಒಂದು ಮಿ.ಲೀ.ಗೆ 40 ಯೂನಿಟ್ ಇರುವ ಇನ್ಸುಲಿನ್ ಸೀಸೆಗಳೂ 100 ಯೂನಿಟ್ ಇರುವವೂ ಬಳಕೆಯಲ್ಲಿವೆ. ಎರಡಕ್ಕೂ ಬೇರೆಬೇರೆ ಸಿರಿಂಜ್. 100 ಯೂನಿಟ್‌ನ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ರೋಗಿಗೆ ಹೋಗುವುದು ಎಷ್ಟು? 20ರ ಗೆರೆ ಎಂದರೆ ಅರ್ಧ ಮಿ.ಲೀ., ಅಂದರೆ 50 ಯೂನಿಟ್. ಕೊಡಬೇಕಾದ್ದರ ಎರಡೂವರೆ ಪಟ್ಟು. ಸಕ್ಕರೆ ಕುಸಿದು ರೋಗಿ ಪ್ರಜ್ಞೆ ತಪ್ಪಬಹುದು, ಪ್ರಾಣವೇ ಹೋಗಬಹುದು. ಈ ಲೆಕ್ಕ ಪರೀಕ್ಷೆಯಲ್ಲಿ ಎರಡು ಅಂಕದ್ದಿರಬಹುದು, ನೈಟ್ ಡ್ಯೂಟಿಯಲ್ಲಿ ಅದರ ತೂಕವೇ ಬೇರೆ.

ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ಇಂಗ್ಲಿಷ್ ಪದದಲ್ಲಿ ಬರೆಯಿರಿ

"ಇಂಗ್ಲಿಷಿನಲ್ಲೇ ಯೋಚಿಸಿ, ಇಲ್ಲದಿದ್ದರೆ ಪಾಸಾಗಲ್ಲ" ಎಂಬ ಮಾತನ್ನು ಕನ್ನಡ ಮಾಧ್ಯಮದವರು ಮೊದಲ ವರ್ಷದಿಂದಲೇ ಕೇಳುತ್ತಾರೆ. ಓದಿದ್ದನ್ನು ತನಗೆ ತಾನೇ ವಿವರಿಸಿಕೊಳ್ಳುವುದು ಕಲಿಕೆಗೆ ಸಹಾಯ ಮಾಡುತ್ತದೆ ಎಂಬುದಕ್ಕೆ ಪುರಾವೆ ಇದೆ. ಆ ವಿವರಣೆ ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲಿದ್ದರೆ ತಪ್ಪೇನೂ ಇಲ್ಲ. ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ "ಸಕ್ಕರೆ ಕಾಯಿಲೆ ಇದ್ದೋರಿಗೆ ಕಾಲಿನ ಗಾಯ ಯಾಕೆ ಬೇಗ ವಾಸಿಯಾಗಲ್ಲ" ಎಂದು ವಿವರಿಸಿ ನೋಡಿ. ಎಲ್ಲಿ ತಡವರಿಸಿದಿರೋ ಅಲ್ಲಿ ನಿಮಗೇ ಅರ್ಥವಾಗಿಲ್ಲ ಎಂದರ್ಥ. ಮುಂದೆ ರೋಗಿಗೆ ಆರೋಗ್ಯ ಶಿಕ್ಷಣ ಕೊಡಬೇಕಾದ್ದೂ ಇದೇ ಮಾತಿನಲ್ಲಿ.

ಆದರೆ ಉತ್ತರ ಪತ್ರಿಕೆ ಇಂಗ್ಲಿಷಿನಲ್ಲಿರುವುದರಿಂದ ಪದಗಳನ್ನು ಬಿಡುವಂತಿಲ್ಲ. ವೈದ್ಯಕೀಯ ಪದಗಳಲ್ಲಿ ಹೆಚ್ಚಿನವು ತುಂಡುಗಳನ್ನು ಜೋಡಿಸಿ ಮಾಡಿದವು. ತುಂಡುಗಳ ಅರ್ಥ ಗೊತ್ತಿದ್ದರೆ ನೂರು ಪದ ಬಾಯಿಪಾಠ ಮಾಡುವ ಕೆಲಸ ಉಳಿಯುತ್ತದೆ:

• ಹೈಪೋ: ಕಡಿಮೆ. ಹೈಪರ್: ಹೆಚ್ಚು.
• ಬ್ರಾಡಿ: ನಿಧಾನ. ಟ್ಯಾಕಿ: ವೇಗ.
• ಐಟಿಸ್: ಉರಿಯೂತ.
• ಎಕ್ಟಮಿ: ಕತ್ತರಿಸಿ ತೆಗೆಯುವುದು. ಒಟಮಿ: ಕತ್ತರಿಸಿ ತೆರೆಯುವುದು. ಆಸ್ಟಮಿ: ಹೊರಕ್ಕೆ ದಾರಿ ಮಾಡುವುದು.

ಕಾರ್ಡಿನ ಒಂದು ಬದಿ ತುಂಡು, ಇನ್ನೊಂದು ಬದಿ ಕನ್ನಡದ ಅರ್ಥ ಮತ್ತು ಒಂದು ಉದಾಹರಣೆ ಬರೆಯಿರಿ. ಹೈಪೋ ಮತ್ತು ಹೈಪರ್ ಕೇಳಲು ಒಂದೇ ಥರ, ಪರಿಣಾಮ ಪೂರ್ತಿ ವಿರುದ್ಧ. ಇವೆರಡನ್ನೂ ಅಕ್ಕಪಕ್ಕ ಇಟ್ಟು ವ್ಯತ್ಯಾಸ ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ಫಾರ್ವರ್ಡ್ 2: "ನೀವು ನೋಡಿ ಕಲಿಯುವವರೋ, ಕೇಳಿ ಕಲಿಯುವವರೋ?"

ಆಧಾರವಿಲ್ಲ. ಪ್ರತಿಯೊಬ್ಬರಿಗೂ ಒಂದು ಕಲಿಕೆಯ ಶೈಲಿ ಇರುತ್ತದೆ, ಅದಕ್ಕೆ ತಕ್ಕಂತೆ ಕಲಿಸಿದರೆ ಹೆಚ್ಚು ಬರುತ್ತದೆ ಎಂಬ ವಾದವನ್ನು ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರ ವಿಮರ್ಶೆಯಲ್ಲಿ ಪರಿಶೀಲಿಸಿದರು. ಅದನ್ನು ಸಮರ್ಥಿಸುವಂಥ ಗಟ್ಟಿ ಪುರಾವೆ ಅವರಿಗೆ ಸಿಗಲಿಲ್ಲ. ಯಾವುದಾದರೊಂದು ರೀತಿ ಇಷ್ಟವಾಗುವುದು ಸಹಜ. ಆದರೆ ವಿಧಾನವನ್ನು ನಿರ್ಧರಿಸಬೇಕಾದ್ದು ವಿಷಯ. ಹೃದಯದ ಸದ್ದನ್ನು ಸ್ಟೆತಾಸ್ಕೋಪ್‌ನಲ್ಲಿ ಕೇಳಿಯೇ ಕಲಿಯಬೇಕು, ಬ್ಯಾಂಡೇಜ್ ಕಟ್ಟುವುದನ್ನು ಕೈಯಲ್ಲಿ ಮಾಡಿಯೇ ಕಲಿಯಬೇಕು.

ಫಾರ್ವರ್ಡ್ 3: "ಬೆಳಗಿನ ಜಾವ 4 ಗಂಟೆಯ ಓದು ಮರೆಯುವುದಿಲ್ಲ"

ಅರ್ಧ ಸತ್ಯ. ಮುಂಜಾನೆ ಗದ್ದಲವಿಲ್ಲ, ಫೋನ್ ಬಡಿಯುವುದಿಲ್ಲ, ರಾತ್ರಿ ನಿದ್ದೆ ಆಗಿದ್ದರೆ ಮನಸ್ಸು ಚುರುಕಾಗಿರುತ್ತದೆ. ಲಾಭ ಬರುವುದು ಇವುಗಳಿಂದ, ಗಡಿಯಾರದ 4ರಿಂದಲ್ಲ. ರಾತ್ರಿ 9:30ಕ್ಕೆ ಮಲಗಿ 4ಕ್ಕೆ ಎದ್ದರೆ ಪರವಾಗಿಲ್ಲ. 12:30ಕ್ಕೆ ಮಲಗಿ 4ಕ್ಕೆ ಎದ್ದರೆ ಅದು ಮೂರೂವರೆ ಗಂಟೆಯ ನಿದ್ದೆ.

ನಿದ್ದೆಯಲ್ಲಿ ಮೆದುಳು ಹಗಲು ಕಲಿತದ್ದನ್ನು ಭದ್ರಪಡಿಸುತ್ತದೆ. ಕಲಿತ ಮೇಲೆ ಎಚ್ಚರವಿದ್ದವರಿಗಿಂತ ಮಲಗಿದವರಿಗೆ ಹೆಚ್ಚು ನೆನಪಿರುತ್ತದೆ ಎಂದು 1924ರಷ್ಟು ಹಿಂದೆಯೇ ಪ್ರಯೋಗ ತೋರಿಸಿತ್ತು. 2003ರ ಅಧ್ಯಯನವೊಂದರಲ್ಲಿ 14 ದಿನ ರಾತ್ರಿ 6 ಗಂಟೆ ಅಥವಾ ಅದಕ್ಕೂ ಕಡಿಮೆ ಮಲಗಿದವರ ಏಕಾಗ್ರತೆ, ಎರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟದವರೆಗೂ ಕುಸಿದಿತ್ತು. ತಾವು ಅಷ್ಟು ಮಂಕಾಗಿದ್ದೇವೆ ಎಂಬುದು ಅವರಿಗೇ ಸರಿಯಾಗಿ ತಿಳಿದಿರಲಿಲ್ಲ.

ಕಾಫಿಯೂ ಅಷ್ಟೆ. ಕೆಫೀನ್‌ನ ಅರ್ಧದಷ್ಟು ದೇಹದಿಂದ ಹೊರಹೋಗಲು ಸುಮಾರು 5 ಗಂಟೆ ಬೇಕು. ಸಂಜೆ 6ಕ್ಕೆ ಕುಡಿದ ಸ್ಟ್ರಾಂಗ್ ಕಾಫಿ ರಾತ್ರಿ 11ಕ್ಕೂ ಅರ್ಧ ಉಳಿದಿರುತ್ತದೆ.

ಫಾರ್ವರ್ಡ್ 4: ನೆನಪಿನ ಮಾತ್ರೆ, ಟಾನಿಕ್

ಒಂದು ವಾರ ತೆಗೆದುಕೊಂಡರೆ ಪರೀಕ್ಷೆ ಪಾಸು ಮಾಡಿಸುವ ಮಾತ್ರೆ ಯಾವುದೂ ಇಲ್ಲ. ಬ್ರಾಹ್ಮಿಯ ಮೇಲೆ ಕೆಲವು ಚಿಕ್ಕ ಅಧ್ಯಯನಗಳು ನಡೆದಿವೆ. ಅವುಗಳಲ್ಲಿ ಕಂಡ ಸ್ವಲ್ಪ ಪರಿಣಾಮವೂ ಸುಮಾರು 12 ವಾರ ಸೇವಿಸಿದ ಮೇಲಿನದು. ಏಕಾಗ್ರತೆಗೆಂದು ಕೆಲವರು ಗುಟ್ಟಾಗಿ ಹಂಚುವ ಮೀಥೈಲ್‌ಫೆನಿಡೇಟ್‌ನಂಥ ಔಷಧಗಳು ವೈದ್ಯರ ಚೀಟಿ ಇಲ್ಲದೆ ಮುಟ್ಟಬಾರದಂಥವು. ಹೃದಯ ಬಡಿತ, ರಕ್ತದೊತ್ತಡ ಏರಿಸುತ್ತವೆ, ನಿದ್ದೆ ಕೆಡಿಸುತ್ತವೆ, ಚಟ ಹತ್ತುವ ಅಪಾಯವೂ ಇದೆ.

ಫಾರ್ವರ್ಡ್ 5: "ಇಂಪಾರ್ಟೆಂಟ್ 20 ಪ್ರಶ್ನೆ" ಮತ್ತು "ಲೀಕ್ ಆದ ಪೇಪರ್"

ಹಳೆಯ ಪ್ರಶ್ನೆಪತ್ರಿಕೆಗಳು ಚಿನ್ನ, ಬಳಸುವ ರೀತಿ ಸರಿ ಇದ್ದರೆ. ಉತ್ತರ ನೋಡುತ್ತಾ ಓದಿದರೆ ಅದು ಮತ್ತೊಂದು ನೋಟ್ಸ್ ಆಯಿತು, ಅಷ್ಟೆ. ಮೂರು ಗಂಟೆ ಗಡಿಯಾರ ಇಟ್ಟು ಬರೆದು, ಆಮೇಲೆ ತಪ್ಪು ಹುಡುಕಿದರೆ ಅದು ನಿಜವಾದ ಅಭ್ಯಾಸ. 20 ಪ್ರಶ್ನೆಗಳನ್ನು ಮಾತ್ರ ನೆಚ್ಚಿಕೊಂಡರೆ, ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದಾಗ ಕೈಕಟ್ಟಿದಂತಾಗುತ್ತದೆ. ವೈವಾದಲ್ಲಂತೂ ಆ ಪಟ್ಟಿ ನೆರವಿಗೆ ಬರುವುದಿಲ್ಲ.

ಮುಂದೆ ಕೆಲಸಕ್ಕೆ ಬರೆಯುವ ಪರೀಕ್ಷೆಗಳ ಸ್ವರೂಪವೂ ಬೇರೆ. ಏಮ್ಸ್ ನಡೆಸುವ ನಾರ್ಸೆಟ್‌ನಲ್ಲಿ ಬಹು ಆಯ್ಕೆಯ ಪ್ರಶ್ನೆಗಳು, ತಪ್ಪು ಉತ್ತರಕ್ಕೆ ಮೂರನೇ ಒಂದರಷ್ಟು ಅಂಕ ಕಡಿತ. ಅಮೆರಿಕಕ್ಕೆ ಹೋಗುವವರು ಬರೆಯುವ ಎನ್‌ಕ್ಲೆಕ್ಸ್‌ನಲ್ಲಿ ನಿಮ್ಮ ಉತ್ತರ ನೋಡಿ ಕಂಪ್ಯೂಟರ್ ಮುಂದಿನ ಪ್ರಶ್ನೆಯ ಕಠಿಣತೆ ಬದಲಿಸುತ್ತದೆ. "ನಾಲ್ವರು ರೋಗಿಗಳಲ್ಲಿ ಮೊದಲು ಯಾರನ್ನು ನೋಡುತ್ತೀರಿ" ಎಂಬಂಥ ಪ್ರಶ್ನೆಗಳೇ ಹೆಚ್ಚು. ಬಾಯಿಪಾಠದ ಪ್ಯಾರಾ ಇಲ್ಲಿ ಕೈಕೊಡುತ್ತದೆ, "ಯಾಕೆ" ಗೊತ್ತಿದ್ದವರು ದಾಟುತ್ತಾರೆ.

ಇನ್ನು "ಪೇಪರ್ ಲೀಕ್ ಆಗಿದೆ, ಇಷ್ಟು ಹಣ ಹಾಕಿ" ಎನ್ನುವ ಟೆಲಿಗ್ರಾಂ ಸಂದೇಶ ಬಂದರೆ ದುಡ್ಡು ಹಾಕಬೇಡಿ, ಬೇರೆಯವರಿಗೂ ಕಳಿಸಬೇಡಿ. ಸುಳ್ಳಾದರೆ ಹಣ ಹೋಗುತ್ತದೆ. ನಿಜವಾದರೂ ಪರೀಕ್ಷೆ ರದ್ದಾಗಿ, ಹಂಚಿದವರು ಕೇಸಿನಲ್ಲಿ ಸಿಲುಕುವ ಅಪಾಯವಿದೆ.

ನನಗೆ ಉಳಿದಿರುವುದೇ 10 ದಿನ. ಈಗ?

ಮೊದಲ ಪುಟದಿಂದ ಶುರು ಮಾಡಬೇಡಿ. ಮೊದಲ ದಿನವೇ ಒಂದು ಹಳೆಯ ಪ್ರಶ್ನೆಪತ್ರಿಕೆ ತೆಗೆದುಕೊಂಡು, ನೋಡದೆ ಬರೆಯಲು ಪ್ರಯತ್ನಿಸಿ. ಬರುವುದು, ಅರ್ಧ ಬರುವುದು, ಬಾರದ್ದು ಎಂದು ಮೂರು ಪಟ್ಟಿ ಮಾಡಿ. ಅರ್ಧ ಬರುವುದನ್ನು ಮೊದಲು ಹಿಡಿಯಿರಿ, ಕಡಿಮೆ ಸಮಯದಲ್ಲಿ ಹೆಚ್ಚು ಅಂಕ ಸಿಗುವುದು ಅಲ್ಲೇ. ಪ್ರತಿ ವಿಷಯವನ್ನೂ ಎರಡು ಮೂರು ದಿನ ಬಿಟ್ಟು ಇನ್ನೊಮ್ಮೆ ಮುಟ್ಟಿ. ಓದುವಾಗ ಫೋನ್ ಬೇರೆ ಕೋಣೆಯಲ್ಲಿರಲಿ. ಕೊನೆಯ ರಾತ್ರಿ ಹೊಸ ಪಾಠ ಹಿಡಿಯದೆ ಮಲಗಿ.

ಈಗ ಮೇಲಕ್ಕೆ ಸ್ಕ್ರೋಲ್ ಮಾಡದೆ ಹೇಳಿ: ಕೈ ಸ್ವಚ್ಛ ಮಾಡಿಕೊಳ್ಳಬೇಕಾದ 5 ಸಂದರ್ಭ ಯಾವುವು? ಮೂರೋ ನಾಲ್ಕೋ ಬಂದಿರಬಹುದು. ಬಾರದ ಒಂದನ್ನು ಹೋಗಿ ನೋಡಿದರೆ ಅದೇ ಇನ್ನು ಹೆಚ್ಚು ನೆನಪಿರುವುದು. ಈ ಲೇಖನ ಹೇಳುತ್ತಿರುವ ವಿಧಾನ ಇಷ್ಟೇ.

ಫೇಲಾದ ವಿಷಯ ಉಳಿದುಕೊಂಡು ಮನಸ್ಸು ಕುಗ್ಗಿದ್ದರೆ, ನಿದ್ದೆ ಊಟ ಬಿಟ್ಟುಹೋಗುವಷ್ಟು ಆತಂಕವಿದ್ದರೆ ಒಬ್ಬರೇ ಅನುಭವಿಸಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಓದಿನ ಸಲಹೆ ಫಾರ್ವರ್ಡ್ ಮಾಡುವ ಮುಂಚೆ

• ಅಂಕಿಗಳು 10, 20, 30 ಎಂದು ತೀರಾ ಅಚ್ಚುಕಟ್ಟಾಗಿವೆಯೇ? ಯಾರು, ಯಾವಾಗ ಅಳೆದರು ಎಂದು ಇದೆಯೇ?
• "ಗ್ಯಾರಂಟಿ", "ಒಂದೇ ದಿನದಲ್ಲಿ" ಎಂಬ ಮಾತಿದೆಯೇ?
• ಕೊನೆಯಲ್ಲಿ ಮಾತ್ರೆ, ಆ್ಯಪ್ ಅಥವಾ ಕೋರ್ಸ್ ಮಾರುತ್ತಿದ್ದಾರೆಯೇ?
• ಅದು ನಿಮ್ಮನ್ನು ಪುಸ್ತಕ ಮುಚ್ಚಿ ಯೋಚಿಸಲು ಹೇಳುತ್ತದೆಯೇ, ಅಥವಾ ಬರೀ ನೋಡುತ್ತಾ ಕೂರಲು ಹೇಳುತ್ತದೆಯೇ?

ಗುಂಪಿಗೆ ಏನಾದರೂ ಕಳಿಸಲೇಬೇಕು ಅನ್ನಿಸಿದರೆ, ಇವತ್ತು ಓದಿದ ಪಾಠದಿಂದ ಉತ್ತರವಿಲ್ಲದ ಒಂದು ಪ್ರಶ್ನೆ ಕಳಿಸಿ. ಉತ್ತರವನ್ನು ನಾಳೆ ಹಾಕಿ. ಗುಂಪಿನಲ್ಲಿರುವ ಎಲ್ಲರಿಗೂ ಅದು ಯಾವ ಫಾರ್ವರ್ಡ್‌ಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.